ಸೆಂಟಿಮೀಟರ್ ಇಲ್ಲದ ಚಿತ್ರಕ್ಕೆ ಸೆಂಟಿಮೀಟರ್ ಕೇಳಿದಾಗ

ಸಾಧಾರಣ ಮೊಬೈಲಿನಲ್ಲಿ ತೆಗೆದ ಫೋಟೊ ಒಂದನ್ನು ಫೋಟೊಶಾಪ್‌ನಲ್ಲಿ ತೆರೆದು ಇಮೇಜ್ ಸೈಜ್ ಕಿಟಕಿಯಲ್ಲಿ ಅಳತೆ ನೋಡಿದರೆ ಎಷ್ಟೋ ಸಲ ಅಗಲ 141 ಸೆಂಟಿಮೀಟರ್, ಎತ್ತರ 106 ಸೆಂಟಿಮೀಟರ್ ಎಂದು ತೋರಿಸುತ್ತದೆ. ನಾಲ್ಕೂವರೆ ಅಡಿಗೂ ಮಿಕ್ಕಿದ ಅಗಲ! ಅಂಗೈಯಲ್ಲಿ ಹಿಡಿದ ಮೊಬೈಲಿನಿಂದ ಬಂದ ಚಿತ್ರಕ್ಕೆ ಇಷ್ಟು ಅಗಲ ಎಲ್ಲಿಂದ ಬಂತು? ಅದೇ ಚಿತ್ರವನ್ನು ಇಂಚಿಗೆ 96 ಚುಕ್ಕೆ ಎಂದು ಎಣಿಸುವ ತಂತ್ರಾಂಶದಲ್ಲಿ ತೆರೆದರೆ ಅಗಲ 106 ಸೆಂಟಿಮೀಟರ್ ಆಗುತ್ತದೆ. 300 ಎಂದು ಎಣಿಸುವ ಕಡೆ 34 ಸೆಂಟಿಮೀಟರ್‌ಗೆ ಇಳಿಯುತ್ತದೆ. ಮೂರು ಕಡೆ ಮೂರು ಅಳತೆ ಬಂದಾಗ ನೋಡುವವರಿಗೆ ಅನ್ನಿಸುವುದು ತಂತ್ರಾಂಶ ಕೆಟ್ಟಿದೆ ಎಂದೇ. ಮರುಸ್ಥಾಪನೆ ಮಾಡಿ ನೋಡುವವರಿದ್ದಾರೆ, ಬೇರೆ ಆವೃತ್ತಿ ತರಿಸುವವರಿದ್ದಾರೆ. ಆದರೆ ಮೂರೂ ಕಡೆ ತಂತ್ರಾಂಶ ಸರಿಯಾಗಿಯೇ ಇದೆ. ಚಿತ್ರದ ಅಳತೆ ತಪ್ಪಾಗಿದೆ ಎಂದು ನಾವು ದೂರುವ ಪ್ರಸಂಗಗಳಲ್ಲಿ ಬಹುಪಾಲು ತಂತ್ರಾಂಶದ ದೋಷವಲ್ಲ, ಕೂತು ಕೆಲಸ ಮಾಡುವವರ ದೋಷವೂ ಅಲ್ಲ. ಕಡತದೊಳಗೆ ಇಲ್ಲದ ಸೆಂಟಿಮೀಟರನ್ನು ಅದರಿಂದ ಕೇಳುವವರ ದೋಷ ಎಂಬುದು ನನ್ನ ವಾದ.

ಕಂಪ್ಯೂಟರಿನಲ್ಲಿರುವ ಫೋಟೊ ಎಂದರೆ ಬಣ್ಣದ ಚುಕ್ಕೆಗಳ ಸಾಲುಗಳು. ಮೇಲೆ ಹೇಳಿದ ಚಿತ್ರದಲ್ಲಿ ಅಡ್ಡಕ್ಕೆ 4000, ಉದ್ದಕ್ಕೆ 3000 ಚುಕ್ಕೆಗಳಿವೆ, ಇವೇ ಪಿಕ್ಸೆಲ್. ಹದಿನೈದು ಚುಕ್ಕಿಯ ರಂಗೋಲಿ ಎಂದು ಹೇಳಿದಾಗ ಅದು ಅಂಗಳ ತುಂಬುತ್ತದೋ ದೇವರ ಮನೆಯ ಮೂಲೆಯಲ್ಲಿ ಹಿಡಿಯುತ್ತದೋ ಯಾರೂ ಹೇಳಲಾರರು. ಚುಕ್ಕಿಗಳನ್ನು ಎಷ್ಟು ದೂರ ಇಡುತ್ತಾರೆ ಎಂಬುದರ ಮೇಲೆ ಅದು ನಿಂತಿದೆ. ಫೋಟೊದಲ್ಲೂ ಹಾಗೆಯೇ. ಒಂದು ಇಂಚಿನಲ್ಲಿ ಎಷ್ಟು ಚುಕ್ಕೆ ಕೂರಬೇಕು ಎಂದು ಹೇಳುವ ಅಂಕಿಯನ್ನು ಡಿಪಿಐ ಅನ್ನುತ್ತಾರೆ. ಇದು ಜೆಪೆಗ್ ಕಡತದ ತಲೆಯ ಭಾಗದಲ್ಲಿ ಬರೆದಿಟ್ಟ ಒಂದು ಟಿಪ್ಪಣಿ ಮಾತ್ರ. ಎಷ್ಟೋ ಕ್ಯಾಮೆರಾಗಳು ಅಲ್ಲಿ ಅಭ್ಯಾಸಬಲದಿಂದ 72 ಎಂದು ಬರೆದುಬಿಡುತ್ತವೆ. 1984ರ ಮೊದಲ ಮ್ಯಾಕಿಂಟೋಷ್ ಪರದೆಯಲ್ಲಿ ಇಂಚಿಗೆ 72 ಚುಕ್ಕೆಗಳಿದ್ದವು, ವಿಂಡೋಸ್ ತನ್ನ ಲೆಕ್ಕಕ್ಕೆ 96 ಇಟ್ಟುಕೊಂಡಿತು. ಆ ಪರದೆಗಳು ಗುಜರಿ ಸೇರಿದ ಮೇಲೂ ಅಂಕಿಗಳು ಮಾತ್ರ ಉಳಿದಿವೆ. 4000ವನ್ನು 72ರಿಂದ ಭಾಗಿಸಿದರೆ ಐವತ್ತೈದೂವರೆ ಇಂಚು, ಅದೇ ಆ 141 ಸೆಂಟಿಮೀಟರ್. ಟಿಪ್ಪಣಿಯನ್ನು ತಿದ್ದಿ 300 ಎಂದು ಬರೆದರೆ ಚಿತ್ರದ ಒಂದು ಚುಕ್ಕೆಯೂ ಬದಲಾಗುವುದಿಲ್ಲ, ಕಡತದ ತೂಕವೂ ಬದಲಾಗುವುದಿಲ್ಲ.

ಹಾಗಾದರೆ ಡಿಪಿಐ ಬರೀ ಸುಳ್ಳೇ ಎಂದು ಕೇಳಬಹುದು. ಅಲ್ಲ. ಕಾಗದ ಇರುವ ಎರಡು ಜಾಗಗಳಲ್ಲಿ ಅದು ಪೂರಾ ನಿಜ: ಒಳಗೆ ಬರುವ ಬಾಗಿಲಲ್ಲಿ ಸ್ಕ್ಯಾನರ್, ಹೊರಗೆ ಹೋಗುವ ಬಾಗಿಲಲ್ಲಿ ಪ್ರಿಂಟರ್. ಟಿ. ನರಸೀಪುರ ತಾಲ್ಲೂಕಿನ ಮೂಗೂರಿನ ಹೆಸರು ಹೊತ್ತ ಭರತನಾಟ್ಯದ ಪರಂಪರೆಯೊಂದಿದೆ, ಮೂಗೂರು ಜೇಜಮ್ಮ ಅದರ ದೊಡ್ಡ ಹೆಸರು. ಅಂಥ ಪರಂಪರೆಯ ಹಳೆಯ ಕಪ್ಪು ಬಿಳುಪು ಫೋಟೊಗಳನ್ನು ಸ್ಮರಣ ಸಂಚಿಕೆಗೆ ಸ್ಕ್ಯಾನ್ ಮಾಡಲು ಹೊರಟವರಿಗೆ ಡಿಪಿಐ ಜೀವದ ಪ್ರಶ್ನೆ. 4×6 ಇಂಚಿನ ಫೋಟೊವನ್ನು 300ರಲ್ಲಿ ಸ್ಕ್ಯಾನ್ ಮಾಡಿದರೆ 1200×1800 ಪಿಕ್ಸೆಲ್ ಸಿಗುತ್ತದೆ, 600ರಲ್ಲಿ ಮಾಡಿದರೆ 2400×3600. ಎ4 ಪುಟದ ತುಂಬ ಅಚ್ಚುಕಟ್ಟಾಗಿ ಮುದ್ರಿಸಲು 2480×3508 ಪಿಕ್ಸೆಲ್ ಬೇಕು, ಹಾಗಾಗಿ ಮೊದಲನೆಯದು ಸಾಲದು, ಎರಡನೆಯದು ಹತ್ತಿರ ಹತ್ತಿರ ಸಾಕು. ಇನ್ನು ಪಾಸ್‌ಪೋರ್ಟ್ ಸೈಜಿನ ಫೋಟೊ ಒಂದೇ ಉಳಿದಿದ್ದರೆ, 300ರಲ್ಲಿ ಸ್ಕ್ಯಾನ್ ಮಾಡಿದರೆ ಸಿಗುವುದು 413×531. ಅದರಿಂದ ಇನ್ನೊಂದು ಪಾಸ್‌ಪೋರ್ಟ್ ಸೈಜಿನ ಪ್ರತಿ ಚೆನ್ನಾಗಿ ಬರುತ್ತದೆಯೇ ಹೊರತು ಅದಕ್ಕಿಂತ ದೊಡ್ಡದಲ್ಲ. ಸ್ಕ್ಯಾನ್ ಮುಗಿದು ಫೋಟೊವನ್ನು ಮನೆಯವರಿಗೆ ಹಿಂದಿರುಗಿಸಿದ ಮೇಲೆ ತಂತ್ರಾಂಶದಲ್ಲಿ 300 ಇದ್ದದ್ದನ್ನು 600 ಎಂದು ತಿದ್ದಿದರೆ ಕಳೆದುಹೋದ ವಿವರ ಮರಳಿ ಬಾರದು. ಸ್ಕ್ಯಾನರಿಗೂ ಪ್ರಿಂಟರಿಗೂ ನಡುವೆ ಇರುವಷ್ಟು ಹೊತ್ತೂ ಚಿತ್ರಕ್ಕೆ ಇರುವುದು ಪಿಕ್ಸೆಲ್ ಒಂದೇ.

ಈ ನಡುವಿನ ಜಾಗದಲ್ಲಿಯೇ ಇವತ್ತಿನ ಅರ್ಜಿಗಳೆಲ್ಲ ಓಡಾಡುತ್ತಿರುವುದು. ನಂಜನಗೂಡು, ಟಿ. ನರಸೀಪುರ ಕಡೆಯ ಯುವಕ ಯುವತಿಯರು ಬ್ಯಾಂಕ್ ಕೆಲಸಕ್ಕೆ ಅರ್ಜಿ ಹಾಕಲು ಆನ್‌ಲೈನ್ ಅಂಗಡಿಗೆ ಬಂದಾಗ ಫೋಟೊ ಕಾಗದವಾಗಿ ಹೋಗುವುದೇ ಇಲ್ಲ. ಕಡತವಾಗಿ ಹೋಗಿ ಕಡತವಾಗಿಯೇ ಉಳಿಯುತ್ತದೆ. ಆದರೆ ಸೂಚನೆಗಳು ಇನ್ನೂ ಕಾಗದದ ಕಾಲದವು. ಗ್ರಾಮೀಣ ಬ್ಯಾಂಕುಗಳ ನೇಮಕಾತಿಯನ್ನೂ ನಡೆಸುವ ಐಬಿಪಿಎಸ್ ಸಂಸ್ಥೆಯ ಪ್ರಕಟಣೆಗಳಲ್ಲಿ ವರ್ಷಗಳಿಂದ ಕಾಣುತ್ತಿರುವ ಸೂಚನೆಯನ್ನೇ ತೆಗೆದುಕೊಳ್ಳಿ. ಒಂದು ಕಡೆ ಫೋಟೊ 4.5 ಸೆಂ.ಮೀ × 3.5 ಸೆಂ.ಮೀ ಇರಬೇಕು ಎನ್ನುತ್ತದೆ. ಇನ್ನೊಂದು ಕಡೆ 200×230 ಪಿಕ್ಸೆಲ್ ಇದ್ದರೆ ಒಳ್ಳೆಯದು ಎನ್ನುತ್ತದೆ. ಮತ್ತೊಂದು ಕಡೆ ಸ್ಕ್ಯಾನರನ್ನು ಕನಿಷ್ಠ 200 ಡಿಪಿಐಗೆ ಇಡಿ ಎನ್ನುತ್ತದೆ. ಕಡತ 20ರಿಂದ 50 ಕೆಬಿ ಒಳಗಿರಬೇಕು ಎಂಬುದು ಕೊನೆಯದು. ಬಿಡಿಬಿಡಿಯಾಗಿ ಓದಿದರೆ ನಾಲ್ಕೂ ಸರಿಯೇ. ಕೂಡಿಸಿ ಲೆಕ್ಕ ಹಾಕಿದರೆ ಒಂದಕ್ಕೊಂದು ಹೊಂದುವುದಿಲ್ಲ. 3.5×4.5 ಸೆಂಟಿಮೀಟರಿನ ಫೋಟೊವನ್ನು 200 ಡಿಪಿಐಯಲ್ಲಿ ಸ್ಕ್ಯಾನ್ ಮಾಡಿದರೆ ಬರುವುದು 276×354 ಪಿಕ್ಸೆಲ್, 200×230 ಅಲ್ಲ. ಅದಕ್ಕಿಂತ ಮುಖ್ಯವಾಗಿ, 3.5ಕ್ಕೆ 4.5 ಅಂದರೆ ಅಗಲಕ್ಕಿಂತ ಎತ್ತರ ಸುಮಾರು ಶೇ 29ರಷ್ಟು ಹೆಚ್ಚು. 200ಕ್ಕೆ 230 ಅಂದರೆ ಶೇ 15ರಷ್ಟು ಮಾತ್ರ ಹೆಚ್ಚು. ಎರಡೂ ಒಂದೇ ಆಕಾರದ ಚೌಕಟ್ಟುಗಳಲ್ಲ. ಒಂದನ್ನು ಪಾಲಿಸಿದರೆ ಇನ್ನೊಂದು ಮುರಿಯುತ್ತದೆ.

ಸೋಜಿಗವೆಂದರೆ ಅದೇ ಪ್ರಕಟಣೆ ಹೆಬ್ಬೆಟ್ಟಿನ ಗುರುತಿನ ವಿಷಯದಲ್ಲಿ ಲೆಕ್ಕ ಸರಿಯಾಗಿ ಹಾಕಿದೆ. 3×3 ಸೆಂಟಿಮೀಟರ್, 200 ಡಿಪಿಐ, 240×240 ಪಿಕ್ಸೆಲ್ ಎನ್ನುತ್ತದೆ. ಗುಣಿಸಿ ನೋಡಿದರೆ 236, ಹತ್ತಿರವೇ ಇದೆ. ಕೈಬರಹದ ಘೋಷಣೆಗೆ 10×5 ಸೆಂಟಿಮೀಟರ್, 800×400 ಪಿಕ್ಸೆಲ್, ಅದೂ ಸರಿಹೊಂದುತ್ತದೆ. ಹೆಬ್ಬೆಟ್ಟಿಗೆ ಸಿಕ್ಕ ಲೆಕ್ಕದ ಗೌರವ ಮುಖಕ್ಕೆ ಸಿಗಲಿಲ್ಲ.

ಇದರ ಫಲ ಮುಖದ ಮೇಲೆಯೇ ಕಾಣುತ್ತದೆ. ಸ್ಟುಡಿಯೊದಿಂದ ಬಂದ 413×531ರ ಫೋಟೊವನ್ನು ಅನುಪಾತದ ಕೊಂಡಿ ಬಿಚ್ಚಿ ನೇರವಾಗಿ 200×230ಕ್ಕೆ ಒತ್ತಿದರೆ ಅಗಲಕ್ಕಿಂತ ಎತ್ತರ ಹೆಚ್ಚು ಕುಗ್ಗಿ, ಮುಖ ಇದ್ದದ್ದಕ್ಕಿಂತ ಸುಮಾರು ಶೇ 12ರಷ್ಟು ಅಗಲವಾಗುತ್ತದೆ. ಕೆನ್ನೆ ಉಬ್ಬಿದ, ಕತ್ತು ಗಿಡ್ಡವಾದ ಪ್ರವೇಶಪತ್ರದ ಫೋಟೊಗಳ ರಹಸ್ಯ ಇದು. ಪರೀಕ್ಷಾ ಕೊಠಡಿಯ ಬಾಗಿಲಲ್ಲಿ ಮುಖವನ್ನೂ ಫೋಟೊವನ್ನೂ ಹೋಲಿಸಿ ನೋಡುವ ಕಾಲದಲ್ಲಿ ಶೇ 12 ಸಣ್ಣ ವಿಷಯವಲ್ಲ. ಸರಿಯಾದ ದಾರಿ ಮೊದಲು ಕತ್ತರಿಸುವುದು, ಆಮೇಲೆ ಕುಗ್ಗಿಸುವುದು: 413 ಅಗಲವನ್ನು ಹಾಗೆಯೇ ಬಿಟ್ಟು ಎತ್ತರದಲ್ಲಿ 531ರ ಪೈಕಿ 56 ಪಿಕ್ಸೆಲ್ ತೆಗೆದು 475ಕ್ಕೆ ತಂದರೆ ಆಕಾರ 200×230ರದ್ದೇ ಆಗುತ್ತದೆ, ಎದೆಯ ಭಾಗದಿಂದ ಒಂದಷ್ಟು ಹೋಗುತ್ತದೆ, ಮುಖ ಮುಖವಾಗಿಯೇ ಉಳಿಯುತ್ತದೆ. ಗಿಂಪ್ ತಂತ್ರಾಂಶದಲ್ಲಿ ಅಗಲ ಎತ್ತರದ ಅಂಕಿಗಳ ಪಕ್ಕ ಸರಪಳಿಯ ಚಿತ್ರವಿದೆ, ಫೋಟೊಶಾಪ್‌ನಲ್ಲೂ ಕೊಂಡಿ ಇದೆ. ಅದು ಕೂಡಿಕೊಂಡಿರುವವರೆಗೆ ಚಿತ್ರ ಹಿಗ್ಗಿ ಕುಗ್ಗಿದರೂ ಆಕಾರ ಕೆಡುವುದಿಲ್ಲ. ‘ನಾನು ಅಗಲ 200 ಕೊಟ್ಟರೆ ತಂತ್ರಾಂಶ ಎತ್ತರ 257 ಮಾಡುತ್ತಿದೆ’ ಎಂದು ಬರುವ ದೂರು ನಿಜದಲ್ಲಿ ಆ ಕೊಂಡಿ ಮಾಡುತ್ತಿರುವ ಉಪಕಾರ. ಅದನ್ನು ಬಿಚ್ಚುವ ಬದಲು ಕ್ರಾಪ್‌ಗೆ ಹೋಗಬೇಕು.

ಕೆಬಿಯ ಕಥೆ ಇನ್ನೂ ವಿಚಿತ್ರ. 200×230 ಎಂದರೆ ಒಟ್ಟು 46,000 ಪಿಕ್ಸೆಲ್. ಕಣ್ಣಿಗೆ ಚೆನ್ನಾಗಿಯೇ ಕಾಣುವ ಸಾಧಾರಣ ಗುಣಮಟ್ಟದ ಜೆಪೆಗ್ ಒಂದು ಪಿಕ್ಸೆಲ್‌ಗೆ ಒಂದೆರಡು ಬಿಟ್ ಬಳಸುತ್ತದೆ. ಒಂದೂವರೆ ಎಂದು ಹಿಡಿದರೆ ಕಡತ ಎಂಟೊಂಬತ್ತು ಕೆಬಿ ಆಗುತ್ತದೆ. ಕನಿಷ್ಠ 20 ಕೆಬಿ ಬೇಕು ಎಂದರೆ ಪಿಕ್ಸೆಲ್‌ಗೆ ಮೂರೂವರೆ ಬಿಟ್, ಅಂದರೆ ಗುಣಮಟ್ಟದ ಪಟ್ಟಿಯನ್ನು ಮೇಲ್ತುದಿಯ ಹತ್ತಿರ ಎಳೆದು ಉಳಿಸಬೇಕು. ಸೂಚನೆಯನ್ನು ಅಕ್ಷರಶಃ ಪಾಲಿಸಿದವರ ಫೋಟೊ ‘ತೀರಾ ಚಿಕ್ಕದು’ ಎಂದು ಹಿಂದೆ ಬರುವುದು ಇದಕ್ಕೇ. ಆಗ ಸಾಮಾನ್ಯವಾಗಿ ಕೈ ಹೋಗುವುದು ಡಿಪಿಐ ಕಡೆಗೆ: 72 ಇದ್ದದ್ದನ್ನು 300 ಮಾಡಿದರೆ ತೂಕ ಬರುತ್ತದೆ ಎಂಬ ನಂಬಿಕೆ. ಬರೀ ಟಿಪ್ಪಣಿ ತಿದ್ದಿದರೆ ಏನೂ ಆಗದು. ತೂಕ ಹೆಚ್ಚಿತು ಎಂದರೆ ಗೊತ್ತಿಲ್ಲದೆ ಪಿಕ್ಸೆಲ್‌ಗಳೂ ಹೆಚ್ಚಿವೆ ಎಂದು ಅರ್ಥ.

ಹಾಗೆ ಗೊತ್ತಿಲ್ಲದೆ ಹೆಚ್ಚಿಸುವ ಗುಂಡಿ ಫೋಟೊಶಾಪ್‌ನ ಇಮೇಜ್ ಸೈಜ್ ಕಿಟಕಿಯಲ್ಲಿರುವ ‘ರೀಸ್ಯಾಂಪಲ್’ ಎಂಬ ಪುಟ್ಟ ಚೌಕ. ಅಳತೆಯ ಗೊಂದಲಗಳಲ್ಲಿ ಅರ್ಧಕ್ಕರ್ಧ ಇಲ್ಲಿಯೇ ಹುಟ್ಟುತ್ತವೆ ಎಂದರೆ ತಪ್ಪಾಗಲಾರದು. ಅಲ್ಲಿ ಟಿಕ್ ಇಲ್ಲದಿದ್ದರೆ ಪಿಕ್ಸೆಲ್ ಕಟ್ಟಿಹಾಕಿದ ಹಾಗೆ; ಡಿಪಿಐ ಏರಿಸಿದರೆ ಸೆಂಟಿಮೀಟರ್ ತಾನಾಗಿ ಇಳಿಯುತ್ತದೆ, ಅಷ್ಟೆ. ಟಿಕ್ ಇದ್ದರೆ ಸೆಂಟಿಮೀಟರ್ ಕಟ್ಟಿಹಾಕಿದ ಹಾಗೆ. ಡಿಪಿಐಯನ್ನು 72ರಿಂದ 300ಕ್ಕೆ ಏರಿಸಿದರೆ 4000×3000ರ ಚಿತ್ರ 16,667×12,500 ಆಗಿ, 1.2 ಕೋಟಿ ಪಿಕ್ಸೆಲ್ ಇದ್ದದ್ದು 20 ಕೋಟಿ ದಾಟುತ್ತದೆ, ಹಳೆಯ ಕಂಪ್ಯೂಟರ್ ಮಂಡಿಯೂರುತ್ತದೆ. ತಿರುಗಾಮುರುಗಾ ಆದದ್ದೂ ಉಂಟು: 72 ಡಿಪಿಐ ಇರುವ ಚಿತ್ರಕ್ಕೆ ಟಿಕ್ ಹಾಕಿಕೊಂಡೇ 3.5×4.5 ಸೆಂಟಿಮೀಟರ್ ಎಂದು ಕೊಟ್ಟರೆ ಉಳಿಯುವುದು 99×128 ಪಿಕ್ಸೆಲ್. ಸೆಂಟಿಮೀಟರ್ ಸೂಚನೆಯನ್ನು ಚಾಚೂ ತಪ್ಪದೆ ಪಾಲಿಸಿದ ಆ ಫೋಟೊದಲ್ಲಿ ಕಣ್ಣು ಮೂಗು ಮಸುಕು. ಕ್ರಾಪ್ ಉಪಕರಣದಲ್ಲೂ ಒಂದು ಹೊಂಚು ಇದೆ. ಹಿಂದಿನ ಕೆಲಸಕ್ಕೆ ಕೊಟ್ಟ ಅಗಲ, ಎತ್ತರ, ರೆಸಲ್ಯೂಷನ್ ಅಲ್ಲಿಯೇ ಕೂತಿರುತ್ತವೆ. ಬೆಳಿಗ್ಗೆ ಪಾಸ್‌ಪೋರ್ಟ್ ಫೋಟೊ ಕತ್ತರಿಸಿದ ಅಂಗಡಿಯಲ್ಲಿ ಸಂಜೆ ಮದುವೆ ಫೋಟೊ ಕತ್ತರಿಸಿದರೆ ಅದೂ ಸದ್ದಿಲ್ಲದೆ 413×531ಕ್ಕೆ ಇಳಿಯುತ್ತದೆ. ಪಟ್ಟಿಯಲ್ಲಿರುವ ‘ಕ್ಲಿಯರ್’ ಒತ್ತುವುದೇ ಇದಕ್ಕೆ ಮದ್ದು. ವಿಂಡೋಸ್ ಪೇಂಟ್‌ನಲ್ಲಿ ರೀಸೈಜ್ ತೆರೆದಾಗ ಮೊದಲು ಆಯ್ಕೆಯಾಗಿರುವುದು ಶೇಕಡಾ, ಪಿಕ್ಸೆಲ್ ಅಲ್ಲ. ನೋಡದೆ 200 ಎಂದು ಹೊಡೆದರೆ ಚಿತ್ರ ಎರಡು ಪಟ್ಟಾಗುತ್ತದೆ.

ಇಷ್ಟಕ್ಕೆಲ್ಲ ಸೂಚನೆ ಬರೆದವರನ್ನೇ ದೂರುವುದೇಕೆ, ಕೆಲಸ ಮಾಡುವವರು ಕಲಿಯಬಾರದೇ ಎಂಬ ಆಕ್ಷೇಪ ಬರುತ್ತದೆ. ಕಲಿಯಬೇಕು, ಅನುಮಾನವಿಲ್ಲ. ಆದರೆ ಒಂದಕ್ಕೊಂದು ಹೊಂದದ ಎರಡು ಅಂಕಿಗಳನ್ನು ಒಂದೇ ಹಾಳೆಯಲ್ಲಿ ಬರೆದರೆ ಎಷ್ಟು ಕಲಿತವರೂ ಎರಡನ್ನೂ ಪಾಲಿಸಲಾರರು. ಅರ್ಜಿಯ ಕೊನೆಯ ದಿನ ಸಾಲು ನಿಂತಿರುವಾಗ ಯಾವುದನ್ನು ಬಿಡಬೇಕು ಎಂಬ ತೀರ್ಮಾನವನ್ನು ಹೋಬಳಿ ಕೇಂದ್ರದ ಒಂದು ಅಂಗಡಿಯ ಹುಡುಗನ ತಲೆಗೆ ಕಟ್ಟುವುದು ನ್ಯಾಯವಲ್ಲ. ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ತೂಕವಿದೆ: ಜನಕ್ಕೆ ಸೆಂಟಿಮೀಟರ್ ಗೊತ್ತು, ಪಿಕ್ಸೆಲ್ ಗೊತ್ತಿಲ್ಲ, ಪಾಸ್‌ಪೋರ್ಟ್ ಸೈಜ್ ಎಂದರೆ ಹಳ್ಳಿಯ ಅಜ್ಜಿಗೂ ತಿಳಿಯುತ್ತದೆ. ನಿಜ, ಫೋಟೊ ಕಾಗದವಾಗಿ ಅಂಟಿಸುವ ತನಕ ಆ ಮಾತು ಸರಿ. ಅಲ್ಲಿ ಸೆಂಟಿಮೀಟರೇ ಬೇಕು, ಅಲ್ಲಿಯ ತೊಂದರೆಗಳೂ ಬೇರೆ. 4×6 ಇಂಚಿನ ಹಾಳೆಯಲ್ಲಿ ಎಂಟು ಪಾಸ್‌ಪೋರ್ಟ್ ಫೋಟೊ ಜೋಡಿಸಿ ಮುದ್ರಿಸುವಾಗ ಪ್ರಿಂಟರಿನಲ್ಲಿ ‘ಅಂಚಿಲ್ಲದ’ ಆಯ್ಕೆ ಇದ್ದರೆ ಅದು ಇಡೀ ಹಾಳೆಯನ್ನು ಸ್ವಲ್ಪ ಹಿಗ್ಗಿಸಿ ಮುದ್ರಿಸುತ್ತದೆ, 35 ಮಿಲಿಮೀಟರ್ 36 ಆಗುತ್ತದೆ. ‘ಹಾಳೆಗೆ ಹೊಂದಿಸು’ ಇದ್ದರೆ ಕುಗ್ಗಿಸುತ್ತದೆ. ಸ್ಕೇಲು ಹಿಡಿದು ಅಳೆಯಬೇಕಾದದ್ದು ಮುದ್ರಣವಾಗಿ ಬಂದ ಹಾಳೆಯನ್ನು, ಪರದೆಯನ್ನಲ್ಲ. ಆದರೆ ಅಪ್‌ಲೋಡ್ ಮಾಡುವ ಕಡತಕ್ಕೆ ಈ ಸುಲಭದ ವಾದ ಅನ್ವಯಿಸದು. ಅಲ್ಲಿ ಜನರಿಗೆ ಸುಲಭವಾಗಿಸಬೇಕಿದ್ದರೆ ಅಂಕಿಗಳನ್ನೇ ಕೊಡಬೇಕಿಲ್ಲ. ಯಾವ ಅಳತೆಯ ಫೋಟೊ ಬಂದರೂ ಜಾಲತಾಣವೇ ಮುಖದ ಸುತ್ತ ಚೌಕಟ್ಟು ತೋರಿಸಿ ಕತ್ತರಿಸಿಕೊಳ್ಳಬಹುದು, ತಂತ್ರಜ್ಞಾನಕ್ಕೆ ಅದು ಹಳೆಯ ಮಾತು.

ಅಂತರಜಾಲದಲ್ಲಿ ಪುಕ್ಕಟೆ ಕುಗ್ಗಿಸಿಕೊಡುವ ತಾಣಗಳಿವೆಯಲ್ಲ ಎಂದೂ ಹೇಳುತ್ತಾರೆ. ಇವೆ, ಕೆಲಸವೂ ಆಗುತ್ತದೆ. ಆದರೆ ಯಾರದೋ ತಾಣಕ್ಕೆ ಒಬ್ಬರ ಮುಖ, ಸಹಿ, ಹೆಬ್ಬೆಟ್ಟು ಮೂರನ್ನೂ ಒಟ್ಟಿಗೆ ಏರಿಸುವುದು ಎಂಥ ಅಪಾಯ ಎಂದು ಯೋಚಿಸಿದವರು ಕಡಿಮೆ. ಕಂಪ್ಯೂಟರಿನಲ್ಲೇ ಇರುವ ಪೇಂಟ್ ಅಥವಾ ಉಚಿತವಾಗಿ ಸಿಗುವ ಗಿಂಪ್ ಅದೇ ಕೆಲಸವನ್ನು ಮನೆಯೊಳಗೇ ಮುಗಿಸುತ್ತದೆ.

ಪಿಕ್ಸೆಲ್‌ನ ಲೆಕ್ಕ ಹಿಡಿದರೆ ಎದುರು ದಿಕ್ಕಿನ ಒಂದು ಮೂಢನಂಬಿಕೆಯೂ ಸಡಿಲವಾಗುತ್ತದೆ: ಏನೇ ಮುದ್ರಿಸಲಿ 300 ಡಿಪಿಐ ಬೇಕೇ ಬೇಕು ಎಂಬುದು. ಮೂಗೂರಿನ ತ್ರಿಪುರಸುಂದರಮ್ಮನ ಜಾತ್ರೆಗೆ ಸ್ವಾಗತ ಕೋರುವ 10×8 ಅಡಿಯ ಬ್ಯಾನರ್ ಎಂದಿಟ್ಟುಕೊಳ್ಳಿ. (ಪ್ಲಾಸ್ಟಿಕ್ ಫ್ಲೆಕ್ಸ್‌ಗೆ ರಾಜ್ಯದಲ್ಲಿ 2016ರಿಂದ ನಿಷೇಧವಿದೆ, ಬಟ್ಟೆಯ ಮೇಲೆ ಮುದ್ರಿಸಿದರೂ ಲೆಕ್ಕ ಇದೇ.) 300 ಡಿಪಿಐ ಹಟ ಹಿಡಿದರೆ 36,000×28,800 ಪಿಕ್ಸೆಲ್ ಆಗುತ್ತದೆ, ಫೋಟೊಶಾಪ್‌ನ ಮಾಮೂಲಿ ಪಿಎಸ್‌ಡಿ ಕಡತಕ್ಕೆ ಒಂದು ಬದಿಯಲ್ಲಿ 30,000ದ ಮಿತಿ ಇರುವುದರಿಂದ ಅದು ಉಳಿಸಲೂ ಬಾರದು. ನಿಜಕ್ಕೂ ಎಷ್ಟು ಬೇಕು ಎಂಬುದನ್ನು ನೋಡುವವರ ದೂರ ಹೇಳುತ್ತದೆ. ಒಳ್ಳೆಯ ಕಣ್ಣು ಒಂದು ಡಿಗ್ರಿಯ ಅರವತ್ತನೇ ಒಂದು ಭಾಗದಷ್ಟು ಸಣ್ಣದನ್ನು ಬೇರ್ಪಡಿಸಿ ನೋಡಬಲ್ಲದು. ಪುಸ್ತಕ ಹಿಡಿದು ಒಂದು ಅಡಿ ದೂರದಿಂದ ಓದುವಾಗ ಇದು ಇಂಚಿಗೆ ಸುಮಾರು 286 ಚುಕ್ಕೆಯಾಗುತ್ತದೆ. 300ರ ನಿಯಮ ಹುಟ್ಟಿದ್ದು ಈ ಹತ್ತಿರದ ಓದಿಗೆ. ಮೂರು ಅಡಿ ದೂರಕ್ಕೆ 95 ಸಾಕು. ರಸ್ತೆಯಾಚೆ ಇಪ್ಪತ್ತು ಅಡಿ ದೂರದಿಂದ ನೋಡುವ ಬ್ಯಾನರಿಗೆ 14 ಸಾಕು. ವಾಟ್ಸ್‌ಆ್ಯಪ್‌ನಲ್ಲಿ ಬಂದು 1600×1200ಕ್ಕೆ ಕುಗ್ಗಿದ ಚಿತ್ರವನ್ನು ಹತ್ತು ಅಡಿಗೆ ಹಿಗ್ಗಿಸಿದರೆ ಇಂಚಿಗೆ 13 ಚುಕ್ಕೆ ಉಳಿಯುತ್ತವೆ. ದೂರದಿಂದ ನೋಡುವವರಿಗೆ ಅದು ಪರವಾಗಿಲ್ಲ, ಕೆಳಗೆ ನಿಂತು ನೋಡುವವರಿಗೆ ಮುಖ ಇಟ್ಟಿಗೆ ಇಟ್ಟಿಗೆಯಾಗಿ ಕಾಣುತ್ತದೆ. ಅದೇ ಚಿತ್ರವನ್ನು ಮೂಲದ 4000 ಪಿಕ್ಸೆಲ್‌ನಲ್ಲಿಯೇ, ಡಾಕ್ಯುಮೆಂಟ್ ಆಗಿ ಕಳಿಸಿಕೊಂಡಿದ್ದರೆ 33 ಆಗುತ್ತಿತ್ತು, ರಸ್ತೆಯಾಚೆಯಿಂದ ನೋಡುವವರಿಗೆ ಧಾರಾಳ ಸಾಕು. ಆಕಾರದ ತೊಡಕು ಇಲ್ಲೂ ಇದೆ: 10×8ರ ಬ್ಯಾನರಿಗೆ 1600×1200 ಕೂರದು, ಅಗಲದಲ್ಲಿ 100 ಪಿಕ್ಸೆಲ್ ಕತ್ತರಿಸಲೇಬೇಕು. ಗುಂಪು ಫೋಟೊ ಆಗಿದ್ದರೆ ತುದಿಯಲ್ಲಿ ನಿಂತವರ ಕಥೆ ಮುಗಿಯಿತು, ಊರಿನಲ್ಲಿ ಅದು ಬೇರೆಯದೇ ರಾಜಕೀಯ.

ಅಗಲ ಎತ್ತರ ಅದಲುಬದಲಾಗಿ ಕಾಣುವ ತೊಂದರೆಯೊಂದು ಮಾತ್ರ ಈ ಲೆಕ್ಕದಿಂದ ಹೊರಗಿದೆ. ಮೊಬೈಲನ್ನು ನೆಟ್ಟಗೆ ಹಿಡಿದು ತೆಗೆದರೂ ಒಳಗಿನ ಸಂವೇದಕ ಅಡ್ಡವಾಗಿಯೇ ದಾಖಲಿಸಿ, ‘ತೋರಿಸುವಾಗ ತಿರುಗಿಸು’ ಎಂಬ ಗುರುತನ್ನು ಕಡತದಲ್ಲಿ ಬರೆದಿಡುತ್ತದೆ. ಕ್ರೋಮ್ ಬ್ರೌಸರ್ 2020ರಿಂದ ಈ ಗುರುತನ್ನು ತಾನಾಗಿ ಗಮನಿಸುತ್ತಿದೆ, ಎಷ್ಟೋ ಹಳೆಯ ತಂತ್ರಾಂಶಗಳು ಗಮನಿಸುವುದಿಲ್ಲ. ಹಾಗಾಗಿ ಒಂದು ಕಡೆ 3000×4000 ಇದ್ದದ್ದು ಇನ್ನೊಂದು ಕಡೆ 4000×3000 ಆಗಿ, ಅಪ್‌ಲೋಡ್ ಆದ ಮೇಲೆ ಅಭ್ಯರ್ಥಿ ಮಲಗಿರುತ್ತಾನೆ. ತಂತ್ರಾಂಶದಲ್ಲಿ ನೆಟ್ಟಗೆ ಮಾಡಿ ಹೊಸ ಹೆಸರಿನಲ್ಲಿ ಉಳಿಸಿದರೆ ಚುಕ್ಕೆಗಳೇ ತಿರುಗಿ ಕೂರುತ್ತವೆ, ಗುರುತಿನ ಹಂಗು ತಪ್ಪುತ್ತದೆ.

ಪಿಕ್ಸೆಲ್‌ನಲ್ಲಿಯೇ ಹೇಳಿಬಿಟ್ಟರೆ ಗೊಂದಲ ಇರದು ಎಂಬುದಕ್ಕೆ ಉದಾಹರಣೆ ಹುಡುಕಬೇಕಿಲ್ಲ. ಹೊರದೇಶದಲ್ಲಿರುವ ಭಾರತೀಯರ ಪಾಸ್‌ಪೋರ್ಟ್ ಅರ್ಜಿಗೆ 2025ರ ಸೆಪ್ಟೆಂಬರಿನಿಂದ ಕೇಳುತ್ತಿರುವ ಫೋಟೊ 630×810 ಪಿಕ್ಸೆಲ್. ಭಾಗಿಸಿ ನೋಡಿದರೆ ಇದು 35ಕ್ಕೆ 45ರ ಅದೇ ಹಳೆಯ ಪಾಸ್‌ಪೋರ್ಟ್ ಆಕಾರ, ಒಂದು ಮಿಲಿಮೀಟರಿಗೆ ಸರಿಯಾಗಿ 18 ಚುಕ್ಕೆ. ಕಡತವಾಗಿ ಕಳಿಸಿದರೂ ಅದೇ, ಮುದ್ರಿಸಿ ಅಂಟಿಸಿದರೂ ಅದೇ, ಮುಖ ಎಲ್ಲಿಯೂ ಹಿಗ್ಗುವುದಿಲ್ಲ. ಅಮೆರಿಕದ ವೀಸಾ ಅರ್ಜಿ 600×600ರಿಂದ 1200×1200ರವರೆಗಿನ ಚೌಕ, 240 ಕೆಬಿ ಮೀರಬಾರದು ಎನ್ನುತ್ತದೆ. ಕನಿಷ್ಠ ತೂಕದ ತಕರಾರಿಲ್ಲ. ಬ್ಯಾಂಕ್ ಪರೀಕ್ಷೆಯ ಸೂಚನೆಯನ್ನು ಹೀಗೆ ತಿದ್ದಲು ಹೊಸ ತಂತ್ರಜ್ಞಾನವಾಗಲಿ ಖರ್ಚಾಗಲಿ ಬೇಕಿಲ್ಲ. ಸೆಂಟಿಮೀಟರಿನ ಸಾಲನ್ನು ತೆಗೆದು, 200×230 ಇರುವ ಕಡೆ 280×360 ಎಂದು ಬರೆದು, 20 ಕೆಬಿಯ ಕೆಳಮಿತಿಯನ್ನು ಹೊಡೆದುಹಾಕಿದರೆ ಆಯಿತು.